ಲಗ್ನಪತ್ರಿಕೆ ಅಂಗಡಿಯ ಕಾವಲುಗಾರ

ಬನ್ನಿ ಮಕ್ಕಳಾ, ಗೋಡೆಗೆ ಒರಗಿ ಕೂತ್ಕೊಳ್ಳಿ. ನನಗೂ ದಣಿವು, ಒಂದೇ ಸಲ ಹೇಳ್ತೀನಿ. ಲಗ್ನಪತ್ರಿಕೆ ಅಚ್ಚು ಹಾಕೋ ಅಂಗಡೀಲಿ ಒಂದು ಮುದಿ ಕಂಪ್ಯೂಟರ್ ಇತ್ತು. ಅದರ ಬಾಗಿಲಲ್ಲಿ ವೈರಸ್ ಹಿಡಿಯೋ ಕಾವಲುಗಾರ ನಿಂತಿರುತ್ತಿದ್ದ. ದಿನಾ ಬೆಳಗಾದರೆ ಅವನು, "ಯಜಮಾನರೇ, ಹೊಸ ಕಳ್ಳರ ಪಟ್ಟಿ ಬಂದಿದೆ. ಅರ್ಧ ಗಳಿಗೆ ಬಿಡುವು ಕೊಟ್ಟರೆ ಓದಿಕೊಳ್ಳುತ್ತೇನೆ" ಅನ್ನುತ್ತಿದ್ದ.

"ಮದುವೆ ಕಾಲ ಕಣಯ್ಯಾ, ನಾಳೆ ಬಾ" ಅನ್ನುತ್ತಿತ್ತು ಕಂಪ್ಯೂಟರ್.

"ನಾಳೆ ಬಾ ಅಂತ ಬಾಗಿಲ ಮೇಲೆ ಬರೆಯೋದು ದೆವ್ವಕ್ಕೆ ಸ್ವಾಮೀ, ಕಾವಲಿನವನಿಗಲ್ಲ" ಅಂದು ಅವನು ಹಳೇ ಪಟ್ಟಿ ಹಿಡಿದೇ ಬಾಗಿಲಿಗೆ ಮರಳುತ್ತಿದ್ದ.

ಒಂದು ದಿನ ಹೂಬಳ್ಳಿಯ ಚಿತ್ತಾರವೊಂದು ಬಂದು, "ನಾನು ಬಿಟ್ಟಿ. ನಿಮ್ಮ ಪತ್ರಿಕೆಗೆ ಅಂಚಾಗ್ತೀನಿ" ಅಂತು.

"ಬಾರಮ್ಮ, ಒಳಗೆ ಬಾ" ಅಂತು ಕಂಪ್ಯೂಟರ್.

ಒಳಗೆ ಬಂದದ್ದೇ ತಡ, ಚಿತ್ತಾರ ಮಡಿಲಿಂದ ಬೀಗಗಳನ್ನು ಹೊರತೆಗೆದು ಅಷ್ಟೂ ಲಗ್ನಪತ್ರಿಕೆಗಳಿಗೆ ಜಡಿಯಿತು. ಬಿಡಿಸಬೇಕಾದರೆ ಹಣ ಕೊಡಿ ಅಂತು.

"ಹಿಡಿಯೋ ಅದನ್ನ!" ಅಂತ ಕಂಪ್ಯೂಟರ್ ಕೂಗಿಕೊಂಡಿತು.

"ಮುಖ ಗುರುತಿದ್ದರೆ ಬಾಗಿಲಲ್ಲೇ ಹಿಡಿಯುತ್ತಿದ್ದೆ, ಯಜಮಾನರೇ" ಅಂದ ಕಾವಲುಗಾರ.

ಆಮೇಲೇನು? ಚಿತ್ತಾರ ಪಕ್ಕದಂಗಡಿಗೆ ಹೋಯಿತು. ಅಲ್ಲಿ ಪತ್ರಿಕೆ ಅಚ್ಚಿಗೆ ಕೊಟ್ಟಿದ್ದ ಮದುವಣಗಿತ್ತಿ ಚೆನ್ನಾಜಿಯ ಮನೆಯವರು ಕುಂಕುಮದ ಬಟ್ಟಲು ಹಿಡಿದು ಮನೆಮನೆ ಅಲೆದು ಬಾಯಲ್ಲೇ ಕರೆದರು. ಅಂಗಡಿಯವರು ಕಂಪ್ಯೂಟರನ್ನು ಪೂರಾ ಅಳಿಸಿದರು, ಅದಕ್ಕೀಗ ಯಾವುದೂ ನೆನಪಿಲ್ಲ. ಕೆಲಸಕ್ಕೆ ಬಾರದವನು ಅಂತ ಕಿತ್ತುಹಾಕಿದ್ದು ಮಾತ್ರ ಕಾವಲುಗಾರನನ್ನು.