ಬೇಡ ಅನ್ನುವ ಗುಂಡಿ

"ನನ್ನ ಈ ಬೋಳುತಲೆ ಫೋಟೋ ಯಾರಿಗೂ ತೋರಿಸಬೇಡ್ರಿ." ನನ್ನ ಹೆಂಡತಿ ಗಿರಿಜಮ್ಮ ಆಸ್ಪತ್ರೆಯಲ್ಲಿ ಕೊನೆಗೆ ಆಡಿದ ಮಾತು ಇಷ್ಟೇ. ಆ ಫೋಟೋ ನನ್ನ ಸ್ಟುಡಿಯೋದ ಕಂಪ್ಯೂಟರಿನಲ್ಲಿದೆ.

ಮೊನ್ನೆ ರಿಪೇರಿಯ ಧರಣೇಂದ್ರ ಅದಕ್ಕೆ ಹೊಸ ಸಿಸ್ಟಮ್ ಹಾಕಿದ. ಪರದೆಯ ಮೇಲೆ ಪ್ರಶ್ನೆ ಬಂತು: ನಿಮ್ಮ ಫೋಟೋಗಳನ್ನೆಲ್ಲ ಕಂಪನಿಗೆ ಕಳಿಸಲೇ?

"ಒಪ್ಪಿಗೆ ಒತ್ತಿ, ಯಜಮಾನ್ರೇ."

"ಬೇಡ ಅನ್ನೋ ಗುಂಡಿ ಎಲ್ಲಪ್ಪಾ?"

"ಅದನ್ನ ಇಟ್ಟೇ ಇಲ್ಲ. 'ಒಪ್ಪಿಗೆ', ಇಲ್ಲಾಂದ್ರೆ 'ನಾಳೆ ಕೇಳು'. ಕಂಪ್ಯೂಟರ್ ನಿಮ್ಮದು, ರೂಲ್ಸು ಕಂಪನೀದು."

ನಾನು 'ನಾಳೆ ಕೇಳು' ಒತ್ತಿದೆ.

"ನಾಳೆನೂ ಕೇಳುತ್ತೆ, ನಾಡಿದ್ದೂ ಕೇಳುತ್ತೆ. ಎಷ್ಟು ದಿನ ತಳ್ತೀರಿ?"

ನಾನು ಬಾಗಿಲು ತೋರಿಸಿದೆ. ದೆವ್ವ ಬರದಿರಲಿ ಅಂತ ಗಿರಿಜಮ್ಮ ಅದರ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿದ್ದಳು.

"ಸ್ಟುಡಿಯೋ ತೆರೆದಾಗಿಂದ ತಳ್ತಾ ಇದ್ದೀವಿ. ಒಂದು ದೆವ್ವಾನೂ ಒಳಗೆ ಬಂದಿಲ್ಲ."

"ಕಂಪನಿಯವರೇನು ದೆವ್ವಾನಾ?"

"ಛೇ, ದೆವ್ವ ಫೋಟೋ ಕೇಳಲ್ಲಪ್ಪ."

ಅವನು ಮುಖ ಊದಿಸಿಕೊಂಡು ಬ್ಯಾಗು ಎತ್ತಿದ. "ಇರಲಿ, ನಾಳೆ ಬರ್ತೀನಿ," ಅಂದ. ಬಾಗಿಲ ಹತ್ತಿರ ಆ ಬರಹ ಕಂಡು, ತಾನಂದದ್ದು ನೆನಪಾಗಿ, ನಕ್ಕುಬಿಟ್ಟ.

ಮರುದಿನ ಬೆಳಿಗ್ಗೆ ಕಂಪ್ಯೂಟರಿಗೆ 'ನಾಳೆ ಕೇಳು' ಅಂದೆ. ಆಮೇಲೆ ಸೀಮೆಸುಣ್ಣ ತಗೊಂಡು, ಬಾಗಿಲ ಮೇಲೆ ಮಾಸಿದ್ದ ಅವಳ ಅಕ್ಷರಗಳನ್ನು ನಿಧಾನವಾಗಿ ತಿದ್ದಿದೆ.