ಅತ್ತೆಯ ಕಾಯಿ ಕಡಿಯದ ಸೊಸೆ

ಪ್ರಭಾಮಣಿ ಮದುವೆಯಾಗಿ ಬೀರೂರಿನ ರೈಲ್ವೆ ಕ್ವಾರ್ಟರ್ಸಿಗೆ ಹೊರಟಾಗ ಅವಳ ತಾಯಿ ಒಂದೇ ಬುದ್ಧಿಮಾತು ಹೇಳಿ ಕಳಿಸಿದರು. "ನೋಡವ್ವ, ಅತ್ತೆ ಮುಂದೆ ಯಾವುದರಲ್ಲೂ ಮೇಲುಗೈ ಮಾಡೋಕೆ ಹೋಗಬೇಡ. ತಗ್ಗಿ ಬಗ್ಗಿ ನಡ್ಕೊಂಡು ಹೋಗು." ಪ್ರಭಾಮಣಿ ಒಳ್ಳೆಯ ಹುಡುಗಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ತೊಂದರೆ ಶುರುವಾದದ್ದೇ ಅದರಿಂದ.

ಇದು ಹೊಗೆ ಉಗುಳುವ ಇಂಜಿನ್ನುಗಳು ಓಡಾಡುತ್ತಿದ್ದ ಕಾಲದ ಮಾತು, ಮಕ್ಕಳೇ. ಈಗ ನಿಮಗೆ ಮಧ್ಯಾಹ್ನ ಅಂದರೆ ಏನೆಂದೇ ಗೊತ್ತಿಲ್ಲ. ಊಟ ಮಾಡಿ ಫೋನು ಹಿಡಿದು ಕೂತರೆ ತಲೆ ಎತ್ತುವಷ್ಟರಲ್ಲಿ ಸಂಜೆ. ಆಗ ಹಾಗಿರಲಿಲ್ಲ. ಪಾತ್ರೆ ತೊಳೆದು, ಒಲೆ ಸಾರಿಸಿ, ಗಂಡಸರು ಡ್ಯೂಟಿಗೆ ಹೋದಮೇಲೆ ಒಂದು ಇಡೀ ಮಧ್ಯಾಹ್ನ ಹೆಂಗಸರ ಕೈಯಲ್ಲಿ ಉಳಿಯುತ್ತಿತ್ತು. ಅದನ್ನು ಏನು ಮಾಡಬೇಕು ಅನ್ನುವುದು ಅವರವರ ರುಚಿಗೆ ಬಿಟ್ಟದ್ದು. ಪ್ರಭಾಮಣಿ ಮೊದಮೊದಲು ದಿಂಬಿನ ಚೀಲಕ್ಕೆ ಕಸೂತಿಯಲ್ಲಿ ಗಿಳಿ ಹೊಲಿದಳು. ಗಿಳಿ ಮುಗಿದ ಮೇಲೆ ನವಿಲು. ಭಾನುವಾರ ಸಂಜೆ ಗಂಡ ರುದ್ರಮೂರ್ತಿಯ ಜೊತೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ, ಕೆಳಗೆ ಹಾದುಹೋಗುವ ರೈಲಿನ ಹೊಗೆ ಮುಖಕ್ಕೆ ಬಡಿದಾಗ ಸೆರಗು ಮುಚ್ಚಿಕೊಂಡು ನಗುತ್ತಿದ್ದಳು. ಇಳಿದು ಬರುವಾಗ ಕ್ಯಾಂಟೀನಿನ ವಡೆ ಕಟ್ಟಿಸಿಕೊಂಡು ಬರುತ್ತಿದ್ದರು. ಸುಖವಾಗಿಯೇ ಇದ್ದಳು, ಆದರೂ ಆ ಮನೆಯಲ್ಲಿ ಅವಳಿಗಿನ್ನೂ ಕಾಲು ಚಾಚಿ ಕೂರುವ ಧೈರ್ಯ ಬಂದಿರಲಿಲ್ಲ.

ಅತ್ತೆ ಸಿದ್ದಗಂಗಮ್ಮನವರ ರುಚಿ ಬೇರೆ. ಅವರಿಗೆ ಚೌಕಾಬಾರ ಅಂದರೆ ಪ್ರಾಣ. ವರಾಂಡದ ಕೆಂಪು ನೆಲದ ಮೇಲೆ ಮೊಳೆಯಿಂದ ಗೀಚಿ ಖಾಯಂ ಆಟದ ಮನೆ ಬರೆದುಬಿಟ್ಟಿದ್ದರು. ಗಾರ್ಡ್ ಆಗಿದ್ದ ಅವರ ಯಜಮಾನರು ಬದುಕಿದ್ದಾಗ, "ಇದು ರೈಲ್ವೆಯವರ ನೆಲ ಕಣೇ, ಗೀಚಬಾರದು" ಅಂತ ಗದರಿದ್ದಕ್ಕೆ, "ನಾನೇನು ಬಸ್ಸಿನವಳಾ?" ಅಂತ ಕೇಳಿದ್ದರಂತೆ. ಜೊತೆಗೆ ಆಡುತ್ತಿದ್ದ ಪಕ್ಕದ ಮನೆಯ ತಾಯಮ್ಮನವರು ಗಂಡನಿಗೆ ವರ್ಗವಾಗಿ ಹುಬ್ಬಳ್ಳಿಗೆ ಹೋದಮೇಲೆ ಕವಡೆಗಳು ನಶ್ಯದ ಡಬ್ಬಿಯಲ್ಲಿ ಸುಮ್ಮನೆ ಬಿದ್ದಿದ್ದವು.

ಒಂದು ಮಧ್ಯಾಹ್ನ ಸಿದ್ದಗಂಗಮ್ಮ ಸೊಸೆಯನ್ನು ಕೇಳಿದರು.

"ಚೌಕಾಬಾರ ಆಡೋಕೆ ಬರುತ್ತೇನೇ?"

"ಏನೋ ಸುಮಾರಾಗಿ ಬರುತ್ತೆ ಅತ್ತೆ."

ಸುಮಾರು! ಹೊಸದುರ್ಗದ ಅವಳ ತವರುಬೀದಿಯಲ್ಲಿ ಪ್ರಭಾಮಣಿ ಕವಡೆ ಹಿಡಿದರೆ ಉಳಿದವರು ಮನೆಗೆಲಸ ನೆನಪಾಯಿತು ಅಂತ ಎದ್ದು ಹೋಗುತ್ತಿದ್ದರು.

ಆಡದ ಮಕ್ಕಳಿಗೆ ಎರಡು ಮಾತಿನಲ್ಲಿ ಆಟ ಹೇಳುತ್ತೇನೆ. ಉದ್ದಕ್ಕೈದು, ಅಗಲಕ್ಕೈದು ಮನೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಹಾಕಿ, ಬಿದ್ದಷ್ಟು ಮನೆ ನಡೆಸಬೇಕು. ಮೊದಲು ಹೊರಸುತ್ತು, ಆಮೇಲೆ ಒಳಸುತ್ತು, ಕೊನೆಗೆ ನಟ್ಟನಡುವಿನ ಮನೆ. ಅಲ್ಲಿಗೆ ಮುಟ್ಟಿದ ಕಾಯಿ ಹಣ್ಣಾಯಿತು ಅಂತ ಲೆಕ್ಕ. ನಾಲ್ಕನ್ನೂ ಮೊದಲು ಹಣ್ಣು ಮಾಡಿದವರು ಗೆದ್ದ ಹಾಗೆ. ನಿಮ್ಮ ಕಾಯಿ ಹೋಗಿ ಎದುರಾಳಿಯ ಕಾಯಿ ಇರುವ ಮನೆಯಲ್ಲೇ ಕೂತರೆ ಅದನ್ನು ಕಡಿದ ಹಾಗೆ. ಅದು ಪಾಪ ಮತ್ತೆ ಮೊದಲಿಂದ ಹೊರಡಬೇಕು. ಇನ್ನೊಂದು ನಿಯಮವಿದೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯುವ ತನಕ ನಿಮಗೆ ಒಳಸುತ್ತಿಗೆ ಪ್ರವೇಶವಿಲ್ಲ. ಹೊರಗೇ ಸುತ್ತುತ್ತಿರಬೇಕು.

ಅತ್ತೆ ಹುಣಸೆ ಬೀಜ ಇಟ್ಟರು, ಸೊಸೆ ಬಳೆ ಚೂರು ಇಟ್ಟಳು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಪ್ರಭಾಮಣಿಗೆ ಕಡಿಯುವ ಲೆಕ್ಕ ಬಿತ್ತು. ಕೈ ಚಾಚಿದಳು. ತಾಯಿಯ ಮಾತು ನೆನಪಾಯಿತು. ಅತ್ತೆಯ ಕಾಯಿ ಕಡಿಯುವುದುಂಟೇ! ಬೇರೆ ಕಾಯಿ ನಡೆಸಿದಳು. ಆಟ ಅತ್ತೆಯದಾಯಿತು. ಅವರ ಮುಖ ಅರಳಿದ್ದು ನೋಡಿ ಪ್ರಭಾಮಣಿಗೆ ಸಂತೋಷವಾಯಿತು. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವುದು ಇಷ್ಟು ಸುಲಭ ಅಂತ ಅವಳು ಎಣಿಸಿರಲಿಲ್ಲ.

ಅವತ್ತಿನಿಂದ ದಿನಾ ಸೋಲು. ಅಂದಹಾಗೆ ಬೇಕೆಂದು ಸೋಲುವುದು ಸಲೀಸಾದ ಕೆಲಸವೇನಲ್ಲ. ಕವಡೆ ನಮ್ಮ ಮಾತು ಕೇಳುವುದಿಲ್ಲವಲ್ಲ. ಕಡಿಯುವ ಲೆಕ್ಕ ಬಿದ್ದಾಗ ಕಾಣದವಳ ಹಾಗೆ ಇರಬೇಕು. ಭದ್ರವಾಗಿ ಕೂತ ಕಾಯನ್ನು ಎತ್ತಿ ಅತ್ತೆಯ ಬಾಯಿಗೆ ಇಡಬೇಕು. "ಅಯ್ಯೋ, ನೋಡಲೇ ಇಲ್ಲ" ಅಂತ ನಾಲಿಗೆ ಕಚ್ಚಿಕೊಳ್ಳಬೇಕು. ಪ್ರಭಾಮಣಿ ಇದರಲ್ಲೆಲ್ಲ ಪಳಗಿಬಿಟ್ಟಳು. ಸಿದ್ದಗಂಗಮ್ಮ ನಲ್ಲಿ ಹತ್ತಿರ ನೀರಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು. "ನನ್ನ ಸೊಸೆ ಇವತ್ತೂ ಸೋತಳು ಕಣ್ರೇ. ಹೊಸದುರ್ಗದೋರಿಗೆ ಆಟ ಬರಲ್ಲ."

ಗೆದ್ದು ಗೆದ್ದು ಯಾರಿಗಾದರೂ ಎಷ್ಟು ದಿನ ಚೆನ್ನಾಗಿರುತ್ತದೆ? ಬರಬರುತ್ತಾ ಸಿದ್ದಗಂಗಮ್ಮನಿಗೆ ಆಟ ಸಪ್ಪೆಯಾಯಿತು. ಒಂದು ದಿನ ಸೊಂಟ ನೋವು ಅಂದರು, ಒಂದು ದಿನ ನಿದ್ದೆ ಅಂದರು. ಒಂದು ಸಂಜೆ ಅಡುಗೆಮನೆಯಲ್ಲಿ ಮಗನ ಹತ್ತಿರ ಹೇಳುತ್ತಿದ್ದದ್ದು ಪ್ರಭಾಮಣಿಯ ಕಿವಿಗೆ ಬಿತ್ತು.

"ಒಳ್ಳೆ ಹುಡುಗಿ ಕಣಪ್ಪ, ಇಲ್ಲ ಅನ್ನಲ್ಲ. ಆದ್ರೆ ಏನು ಕೇಳಿದ್ರೂ 'ಹೂಂ ಅತ್ತೆ'. ಅನ್ನ ಮಾಡ್ಲಾ ಅಂದ್ರೆ ಹೂಂ, ಮುದ್ದೆ ಮಾಡ್ಲಾ ಅಂದ್ರೂ ಹೂಂ. ಅವಳಿಗೆ ಏನು ಇಷ್ಟ ಅಂತ ನನಗೆ ಈವತ್ತಿನವರೆಗೂ ಗೊತ್ತಾಗಿಲ್ಲ. ನಮ್ಮನೇಲಿ ಬಾಡಿಗೆಗೆ ಇದ್ದಾಳೇನೋ ಅನ್ಸುತ್ತೆ."

ಬಾಡಿಗೆಗೆ! ಇಷ್ಟು ತಗ್ಗಿ ನಡೆದರೂ ಹೀಗಂದರಲ್ಲ ಅಂತ ಪ್ರಭಾಮಣಿ ಬಚ್ಚಲಮನೆಗೆ ಹೋಗಿ ಅತ್ತಳು. ಇನ್ನೂ ತಗ್ಗಬೇಕೇನೋ ಅಂದುಕೊಂಡಳು.

ಅಷ್ಟರಲ್ಲಿ ಅವಳ ಚಿಕ್ಕಮ್ಮ ಹೊಸದುರ್ಗದಿಂದ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ನೋಡಲು ಬಂದರು. ಬಾಯಿ ತುಂಬ ಮಾತಿನ ಹೆಂಗಸು. ಕಾಫಿ ಕುಡಿಯುತ್ತಾ ವರಾಂಡದ ನೆಲ ನೋಡಿ, "ಓ, ಚೌಕಾಬಾರ! ಬೀಗಿತ್ತಿಯವರೇ, ಹುಷಾರಾಗಿರಿ ಮತ್ತೆ. ನಮ್ಮ ಪ್ರಭಾನ ಸೋಲಿಸಿದೋರು ನಮ್ಮ ಬೀದೀಲಿ ಒಬ್ರೂ ಇಲ್ಲ" ಅಂದರು. ಎದುರಿನ ನಲ್ಲಿಯಲ್ಲಿ ನೀರು ತುಂಬಿಕೊಳ್ಳಲು ಬಂದಿದ್ದ ಅಕ್ಕಪಕ್ಕದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಸಿದ್ದಗಂಗಮ್ಮ ಸೊಸೆಯ ಮುಖ ನೋಡಿದರು. ಪ್ರಭಾಮಣಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅಲ್ಲಿಗೆ ಅವರಿಗೆ ಎಲ್ಲ ತಿಳಿಯಿತು.

ಚಿಕ್ಕಮ್ಮ ಊರಿಗೆ ಹೊರಟದ್ದೇ ತಡ, ಸಿದ್ದಗಂಗಮ್ಮ ಕವಡೆ ಡಬ್ಬಿಯನ್ನು ಅಟ್ಟದ ಮೇಲೆ ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕರೆದರೆ ಬಂದರು, ಬಡಿಸಿದರೆ ಉಂಡರು, ಅಷ್ಟೇ. ಮಧ್ಯಾಹ್ನವಾದರೆ ಅತ್ತೆ ಒಂದು ಕೋಣೆ, ಸೊಸೆ ಒಂದು ಕೋಣೆ. ಗೂಡ್ಸ್ ಗಾಡಿ ಹೋದಾಗ ಪಾತ್ರೆಗಳು ಗಡಗಡ ಅನ್ನುವುದು ಬಿಟ್ಟರೆ ಆ ಮನೆಯಲ್ಲಿ ಸದ್ದೇ ಇಲ್ಲ.

ಪ್ರಭಾಮಣಿ ಗಂಡನನ್ನು ಕೇಳಿದಳು. "ನಾನೇನು ತಪ್ಪು ಮಾಡಿದೆ ರೀ? ಗೌರವ ಕೊಟ್ಟಿದ್ದೇ ತಪ್ಪಾಯ್ತಾ?"

ರುದ್ರಮೂರ್ತಿ ಪಾರ್ಸೆಲ್ ಆಫೀಸಿನ ಗುಮಾಸ್ತ. "ನನಗೆ ಗೊತ್ತಿಲ್ಲ ಮಾರಾಯ್ತಿ. ಆದ್ರೆ ಇದು ನಿನ್ನಿಂದ ಅಮ್ಮನಿಗೆ ಹೋಗಬೇಕಾದ ಸಾಮಾನು. ನನ್ನ ಕೈಗೆ ಕೊಟ್ರೆ ದಾರೀಲಿ ಒಡೆದು ಹೋಗುತ್ತೆ. ನೀನೇ ಮುಟ್ಟಿಸು" ಅಂದು ಜಾರಿಕೊಂಡ. ಗಂಡಂದಿರು ಎಲ್ಲ ಕಾಲದಲ್ಲೂ ಹೀಗೆಯೇ. ಆದರೆ ಆ ಹೊತ್ತಿಗೆ ಅದು ತಕ್ಕ ಮಾತೇ ಆಗಿತ್ತು.

ಮಾರನೆಯ ದಿನ ಮಧ್ಯಾಹ್ನ ಪ್ರಭಾಮಣಿ ಸ್ಟೂಲ್ ಹತ್ತಿ ಡಬ್ಬಿ ಇಳಿಸಿದಳು. ವರಾಂಡದಲ್ಲಿ ಅತ್ತೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಅವರ ಎದುರಿಗೆ ಕವಡೆ ಸುರಿದಳು.

"ಅತ್ತೆ, ಒಂದಾಟ ಆಡೋಣ ಬನ್ನಿ."

"ಯಾಕೆ? ಮುದುಕಿಗೆ ಇನ್ನೊಂದು ಗೆಲುವು ದಾನ ಕೊಡೋಣ ಅಂತಲಾ?"

ಪ್ರಭಾಮಣಿಗೆ ಕಣ್ಣು ತುಂಬಿತು. "ನಿಮ್ಮನ್ನ ಸಣ್ಣದು ಮಾಡಬೇಕು ಅಂತ ಮಾಡಲಿಲ್ಲ ಅತ್ತೆ. ನಿಮ್ಮ ಕಾಯಿ ಹೆಂಗೆ ಕಡೀಲಿ ಅಂತ..."

ಸಿದ್ದಗಂಗಮ್ಮ ಮೊರ ಕೆಳಗಿಟ್ಟರು. "ತಾಯಮ್ಮ ನನ್ನ ಕಾಯಿ ಕಡಿದಾಗೆಲ್ಲ ನಾನು ಅವಳನ್ನ ಬಾಯಿಗೆ ಬಂದ ಹಾಗೆ ಬೈತಿದ್ದೆ. ಸಂಜೆ ಅವಳ ಮನೆ ಸಾರು ನಮ್ಮನೆಗೆ ಬರ್ತಿತ್ತು. ಅವಳು ಹೋದಮೇಲೆ ಈ ಮನೇಲಿ ನನ್ನ ಜೊತೆ ಆಡೋರು ಯಾರೂ ಇರಲಿಲ್ಲ ಕಣೇ. ನೀನು ಬಂದೆ, ಸದ್ಯ ಒಬ್ಬಳು ಸಿಕ್ಕಿದಳು ಅಂದ್ಕೊಂಡೆ. ನೋಡಿದ್ರೆ ಇಷ್ಟು ದಿನ ನಾನೊಬ್ಬಳೇ ಆಡಿದೀನಿ." ಕವಡೆಗಳನ್ನು ಕೈಯಲ್ಲಿ ಗುಡ್ಡೆ ಮಾಡುತ್ತಾ, "ಕಡೀದೆ ಒಳಗೆ ಬರೋಕಾಗಲ್ಲ ಅಂತ ನಿಯಮ ಇರೋದು ನಿನಗೆ ಗೊತ್ತಲ್ಲ? ಹೊರಗೇ ಸುತ್ತುತಾ ಇರೋದಾದ್ರೆ ನನಗೆ ಆಟ ಬೇಡ. ಕಡಿಯೋ ಧೈರ್ಯ ಇದ್ರೆ ಕೂತ್ಕೋ" ಅಂದರು.

ಪ್ರಭಾಮಣಿ ಕೂತಳು.

ಆಟ ನಡೆಯಿತು. ಸಿದ್ದಗಂಗಮ್ಮ ಬೇಗನೇ ಒಂದು ಬಳೆ ಚೂರನ್ನು ಕಡಿದು, ತಮ್ಮ ಎರಡು ಕಾಯಿ ಹಣ್ಣು ಮಾಡಿಕೊಂಡರು. ಮೂರನೆಯದು ಹೊರಸುತ್ತು ಪೂರಾ ತಿರುಗಿ ಒಳಗೆ ಹೋಗುವ ಬಾಗಿಲಲ್ಲಿ ಬಂದು ನಿಂತಿತ್ತು. ಅದರ ಹಿಂದೆ ಮೂರು ಮನೆ ದೂರದಲ್ಲಿ ಪ್ರಭಾಮಣಿಯ ಕಾಯಿ. ಅವಳು ಕವಡೆ ಕುಲುಕಿ ಹಾಕಿದಳು. ಮೂರು ಬಿತ್ತು.

ಅವಳ ಕೈ ಹಳೆಯ ರೂಢಿಯಂತೆ ಬೇರೆ ಕಾಯಿಯ ಕಡೆಗೆ ಹೋಯಿತು. ಅತ್ತೆ ಆಟದ ಮನೆ ನೋಡುತ್ತಿರಲಿಲ್ಲ, ಕಾಯಿ ನೋಡುತ್ತಿರಲಿಲ್ಲ. ಆ ಕೈಯನ್ನೇ ನೋಡುತ್ತಿದ್ದರು. ಪ್ರಭಾಮಣಿಗೆ ಭಯವಾಯಿತು. ಕಡಿದರೆ ಇವರು ಸಿಟ್ಟಾದರೆ? ಕಡಿಯದಿದ್ದರೆ ಡಬ್ಬಿ ಅಟ್ಟಕ್ಕೆ ಹೋಗುತ್ತದೆ, ಈ ಮಧ್ಯಾಹ್ನಗಳೂ ಹೋಗುತ್ತವೆ, ತಾನು ಈ ಮನೆಯಲ್ಲಿ ಬಾಡಿಗೆಯವಳಾಗಿಯೇ ಮುದುಕಿಯಾಗಬೇಕು. ಕೈ ಹಿಂದಕ್ಕೆ ತಂದಳು. ಸರಿಯಾದ ಬಳೆ ಚೂರು ಎತ್ತಿ, ಒಂದು, ಎರಡು, ಮೂರು ಎಣಿಸಿ, ಹುಣಸೆ ಬೀಜದ ಮೇಲೆ ಟಕ್ಕೆಂದು ಕುಕ್ಕಿದಳು.

"ಕಡಿದೆ ಅತ್ತೆ!"

ಹೊಸದುರ್ಗದ ಬೀದಿಯಲ್ಲಿ ಕೂಗುತ್ತಿದ್ದ ಹಾಗೇ ಕೂಗಿಬಿಟ್ಟಿದ್ದಳು. ಅವಳ ದನಿ ಅಷ್ಟು ಜೋರಾಗಿದೆ ಅನ್ನುವುದು ಕ್ವಾರ್ಟರ್ಸಿಗೆ ಅವತ್ತೇ ಗೊತ್ತಾದದ್ದು.

"ಅಯ್ಯೋ ನಿನ್ನ ಮನೆ ಹಾಳಾಗ!" ಅಂತ ಸಿದ್ದಗಂಗಮ್ಮ ಎದೆ ಮೇಲೆ ಕೈ ಇಟ್ಟುಕೊಂಡರು.

ಪ್ರಭಾಮಣಿಗೆ ಎಲ್ಲಿತ್ತೋ ನಗು, ಉಕ್ಕಿ ಬಂತು. "ನನ್ನ ಮನೆ ಇದೇ ಅಲ್ವಾ ಅತ್ತೆ?"

ಸಿದ್ದಗಂಗಮ್ಮನಿಗೂ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. "ಹೂಂ ಕಣೇ. ಇದೇ" ಅಂದರು. ಕಣ್ಣು ಒರೆಸಿಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಕವಡೆ ಕೊಡಿಲ್ಲಿ. ನಿನಗೆ ಮಾಡ್ತೀನಿ ಇರು" ಅಂದರು.

ಆಮೇಲೆ ನಡೆದದ್ದು ನಿಜವಾದ ಆಟ. ಇವಳು ಅವರನ್ನು ಕಡಿಯುವುದು, ಅವರು ಇವಳನ್ನು ಕಡಿಯುವುದು. ನಾಲ್ಕರ ಚೌಕಾ ಬಿದ್ದರೆ ಒಬ್ಬರ ಕೂಗು, ಎಂಟರ ಬಾರಾ ಬಿದ್ದರೆ ಇನ್ನೊಬ್ಬರ ಕೂಗು. ಡ್ಯೂಟಿ ಮುಗಿಸಿ ಬಂದ ರುದ್ರಮೂರ್ತಿ ಕಾಫಿ ಕೇಳಿದರೆ ಇಬ್ಬರೂ ಒಟ್ಟಿಗೆ, "ಸುಮ್ನಿರಿ", "ಸುಮ್ನಿರೋ" ಅಂದರು. ಅವನೇ ಒಳಗೆ ಹೋಗಿ ಒಲೆ ಹಚ್ಚಿದ. ಕೊನೆಗೆ ಇಬ್ಬರಿಗೂ ಒಂದೊಂದೇ ಕಾಯಿ ಉಳಿದು, ಅದು ಹಣ್ಣಾಗಲು ಇಬ್ಬರಿಗೂ ಕವಡೆಯಲ್ಲಿ ಒಂದೇ ಬೀಳಬೇಕಾಗಿದ್ದಾಗ, ಸಿದ್ದಗಂಗಮ್ಮನಿಗೆ ಒಂದು ಬಿತ್ತು.

"ಗೆದ್ದೆ!" ಅಂದರು ಅವರು. ಅಷ್ಟೊಂದು ಆಟ ಗೆದ್ದಿದ್ದರಲ್ಲ, ಅವರಿಗೆ ಇದೇ ಮೊದಲ ಗೆಲುವು ಅನ್ನಿಸಿತು. ಪ್ರಭಾಮಣಿಗೆ ಸೋತದ್ದಕ್ಕೆ ಹೊಟ್ಟೆ ಉರಿಯಿತು. ನಿಜವಾಗಿ ಉರಿಯಿತು. "ನಾಳೆ ನೋಡ್ಕೋತೀನಿ ಅತ್ತೆ" ಅಂದಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಗದ್ದಲ ಜಾಸ್ತಿಯಾಯಿತು. ಸಾರಿಗೆ ಇಂಗು ಹಾಕಬೇಕು ಅಂತ ಸೊಸೆ, ಬೆಳ್ಳುಳ್ಳಿ ಸಾಕು ಅಂತ ಅತ್ತೆ. ಅಕ್ಕಪಕ್ಕದವರು, "ಪಾಪ, ಗಂಗಮ್ಮನೋರ ಮನೇಲಿ ಅತ್ತೆ ಸೊಸೆ ಜಗಳ ಶುರುವಾಯ್ತು" ಅಂತ ಮರುಗಿದರು. ಅವರಿಗೇನು ಗೊತ್ತು! ಆ ಇಂಜಿನ್ನುಗಳು ಈಗಿಲ್ಲ, ಅಂಥ ಮಧ್ಯಾಹ್ನಗಳೂ ಇಲ್ಲ. ಇದನ್ನು ಹೇಳುವಾಗೆಲ್ಲ ನನಗೆ ಮನಸ್ಸು ಭಾರವಾಗುತ್ತದೆ. ಆದರೆ ಆ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಏನಾದರು ಅನ್ನುವುದನ್ನು ನೆನೆದರೆ ಸಂತೋಷವೂ ಆಗುತ್ತದೆ.

ನೀತಿ: ಹಿರಿಯರ ಮುಂದೆ ತಗ್ಗಿ ನಡೆಯುವುದು ಒಳ್ಳೆಯದೇ, ಆದರೆ ತಗ್ಗುವ ನೆಪದಲ್ಲಿ ನಮ್ಮನ್ನು ನಾವೇ ಬಚ್ಚಿಟ್ಟುಕೊಂಡರೆ ಅವರಿಗೆ ಜೊತೆಯೇ ಸಿಗುವುದಿಲ್ಲ. ಬೇಕೆಂದು ಸೋತುಕೊಟ್ಟವರು ಎದುರಿನವರ ಗೆಲುವನ್ನೂ ಕಸಿದುಕೊಳ್ಳುತ್ತಾರೆ. ಪ್ರೀತಿಸುವವರ ಎದುರು ಪ್ರಾಮಾಣಿಕವಾಗಿ ಆಡಿ. ಮನೆಯ ಒಳಗೆ ಹೋಗುವ ದಾರಿ ಅದೇ.