ರಾಣಿಯ ಗೋಡೆಯ ಕಪ್ಪು

"ಕೇಳಿರಪ್ಪೋ ಕೇಳಿ! ತೀರಿಹೋದ ಪಟ್ಟದರಾಣಿಯವರ ಕೋಣೆಯ ಗೋಡೆಗೆ ಮೊದಲಿದ್ದ ಕಪ್ಪು ಬೇಕಾಗಿದೆ. ಅರಸರ ಮೂರು ಒಗಟು ಬಿಡಿಸಿ ಆ ಕಪ್ಪು ಯಾವುದೆಂದು ಹೇಳಿದವರಿಗೆ ಬೇಡಿದ್ದು ಸಿಕ್ಕೀತು. ತಪ್ಪಿದವರ ತಲೆ ಉಳಿಯದು!"

ಹಿರೇಗುಂದದ ಬೀದಿಗಳಲ್ಲಿ ಹೀಗೆ ಡಂಗುರ ಹೊಡೆದ ಮೇಲೆ ಅರಮನೆಗೆ ಹೋದವರು ಹಿಂದಿರುಗಲಿಲ್ಲ. ಮಂತ್ರಿಯ ಅಳಿಯ ಮೊದಲ ಒಗಟಿಗೇ ಮುಗ್ಗರಿಸಿದ. ನೆರೆರಾಜ್ಯದ ರಾಜಕುಮಾರ ಎರಡನೆಯದಕ್ಕೆ ಸಿಕ್ಕಿಬಿದ್ದ. ಊರಿಗೆಲ್ಲ ಸುಣ್ಣಬಣ್ಣ ಬಳಿಯುವ ದ್ಯಾವಣ್ಣ, "ಬಣ್ಣದ ಮಾತು ನನಗಲ್ಲದೆ ಇನ್ಯಾರಿಗೆ ಗೊತ್ತು?" ಎಂದು ಮೀಸೆ ತಿರುವಿಕೊಂಡು ಹೋದವನು ಮೂರನೆಯದರಲ್ಲಿ ಸೋತ. ಹೊತ್ತು ಮುಳುಗಿದರೆ ಮೂವರ ತಲೆಯೂ ಉರುಳಬೇಕು.

ಅಂದು ಮಧ್ಯಾಹ್ನ ದ್ಯಾವಣ್ಣನ ತಂಗಿ ಚಿಕ್ಕತಾಯಿ ಅರಮನೆಯ ಬಾಗಿಲಿಗೆ ಬಂದಳು. ನಾಲ್ಕು ಜನರೆದುರು ಬಾಯಿ ತೆರೆಯಲು ನಾಚುವ ಹುಡುಗಿ. ಅವ್ವ ಸತ್ತ ಮೇಲೆ ಅವಳಿಗೆ ಉಳಿದವನು ಅಣ್ಣನೊಬ್ಬನೇ.

"ನಿಮ್ಮಣ್ಣನ ಕೈಲಾಗದ್ದು ನಿನ್ನ ಕೈಲಾದೀತೇನೇ? ಹೋಗಿ ರೊಟ್ಟಿ ತಟ್ಟು, ಹೋಗು" ಎಂದ ಕಾವಲಿನವ.

"ರೊಟ್ಟಿ ತಿನ್ನೋನು ಒಳಗಿದಾನಲ್ಲ, ಮಾವ" ಎಂದಳು. ಅವನು ದಾರಿ ಬಿಟ್ಟ.

ಒಳಗೆ ಅರಸ ಬೊಮ್ಮರಸನ ಮುಂದೆ ಮೂರು ಬಟ್ಟಲುಗಳಿದ್ದವು. ಮೂರರಲ್ಲೂ ಕಪ್ಪು ಬಣ್ಣ. ಕಣ್ಣಿಗೆ ಒಂದಕ್ಕೊಂದು ಭೇದವಿಲ್ಲ. ಸರಪಳಿ ಬಿಗಿದ ದ್ಯಾವಣ್ಣನನ್ನೂ ತಂದು ನಿಲ್ಲಿಸಿದರು. ತಂಗಿಯನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು.

"ಬೆಳಕಿನ ಹೊಟ್ಟೆಯಲ್ಲಿ ಹುಟ್ಟಿಯೂ ತಾಯಿಯ ಮೈಬಣ್ಣ ಪಡೆಯದ ಮಗು ಯಾವುದು?" ಎಂದ ಅರಸ. ಮಂತ್ರಿಯ ಅಳಿಯ ಇದಕ್ಕೆ ನೆರಳು ಎಂದಿದ್ದ.

ಚಿಕ್ಕತಾಯಿ ಬಟ್ಟಲುಗಳಿಗೆ ಬೆರಳಿಟ್ಟು ನೋಡಿದಳು. ಒಂದು ಕಾಡಿಗೆಯಂತೆ ನುಣುಪು. "ದೀಪದ ಮಸಿ, ಬುದ್ಧೀ."

"ತಾನು ಕರಿಯಳು, ಬಿಸಿಲಿಗೆ ಬಾಯಿ ಬಿಡುವಳು, ನೀರು ಕುಡಿದು ಹಸಿರು ಹೆರುವಳು. ಯಾರು?"

ಇದಕ್ಕೆ ರಾಜಕುಮಾರ ಎಮ್ಮೆ ಎಂದು ಹೇಳಿ ಸಭೆಯನ್ನೆಲ್ಲ ನಗಿಸಿದ್ದ. ಇನ್ನೊಂದು ಬಟ್ಟಲಿನ ಕಪ್ಪು ಬೆರಳಿಗೆ ಅಂಟಂಟಾಗಿ ಹತ್ತಿತು. "ಎರೆಮಣ್ಣು" ಎಂದಳು.

ಉಳಿದದ್ದು ಇದ್ದಿಲ ಪುಡಿ ಕಲಸಿದ ಬಟ್ಟಲೊಂದೇ. ಅರಸನ ದನಿ ಇಳಿಯಿತು. "ರಾಣಿಯ ಗೋಡೆಯ ಮೇಲೊಂದು ಕಪ್ಪಿತ್ತು. ಬಳಿದವರಿಲ್ಲ, ಆದರೂ ದಿನದಿನಕ್ಕೆ ಗಾಢವಾಯಿತು. ಗೋಡೆ ಚೊಕ್ಕವಾದ ದಿನ ಸತ್ತುಹೋಯಿತು. ಯಾವುದದು?"

"ಇದ್ದಿಲು ಅನ್ನಬೇಡ ಕಣೇ! ಅದನ್ನೇ ಹೇಳಿ ಕೆಟ್ಟೆ ನಾನು!" ಎಂದು ದ್ಯಾವಣ್ಣ ಕೂಗಿಕೊಂಡ.

ಉತ್ತರ ಅವಳಿಗೆ ಆಗಲೇ ಹೊಳೆದಿತ್ತು. ಅಣ್ಣನ ಮುಂದೆ ಅದನ್ನು ಹೇಗೆ ಆಡುವುದು? ಹೇಳದಿದ್ದರೆ ಅವನ ತಲೆ ಹೋಗುತ್ತದೆ, ಹೇಳಿದರೆ ಎದೆ ಒಡೆಯುತ್ತದೆ. ನೆಲ ನೋಡುತ್ತ ಮೆಲ್ಲಗೆ ಹೇಳಿದಳು:

"ಈ ಬಟ್ಟಲುಗಳಲ್ಲಿ ಅದಿಲ್ಲ, ಬುದ್ಧೀ. ಅದು ತಲೆಯೆಣ್ಣೆಯ ಕಲೆ. ನಮ್ಮವ್ವ ಸಂಜೆ ಹೊತ್ತು ಗೋಡೆಗೆ ತಲೆ ಆನಿಸಿ ಕೂರ್ತಿದ್ಲು. ಆ ಜಾಗ ಕಪ್ಪಾಗಿತ್ತು. ಅವಳು ಹೋದಮೇಲೆ ನಾನು ಅಲ್ಲಿಗೆ ಕೆನ್ನೆ ಒತ್ತಿಕೊಂಡು ಕೂರ್ತಿದ್ದೆ. ಸೂತಕ ಕಳೀತು ಅಂತ... ನಮ್ಮನೇಲಿ ಸುಣ್ಣ ಬಳಿದ್ರು."

ಯಾರು ಬಳಿದರೆಂದು ಅವಳು ಹೇಳಲಿಲ್ಲ. ಸರಪಳಿ ಒಮ್ಮೆ ಸದ್ದು ಮಾಡಿ ನಿಂತಿತು.

ಅರಸ ಸಿಂಹಾಸನದಿಂದ ಇಳಿದು ಬಂದ. "ರಾಣಿಯ ಕೋಣೆಗೆ ಸುಣ್ಣ ಬಳಿಯಿರಿ ಎಂದವನು ನಾನೇ, ಮಗಳೇ. ಹೀಗೆ ಕಳೆದುಕೊಂಡವನು ನಾನೊಬ್ಬನೇ ಅಂದುಕೊಂಡಿದ್ದೆ. ಆ ಬಣ್ಣ ಮತ್ತೆ ಬರುತ್ತದೆಯೇ?"

"ಇಲ್ಲ, ಬುದ್ಧೀ."

ಅವಳು ಬೇಡಿದಂತೆ ಸೆರೆಯಲ್ಲಿದ್ದವರೆಲ್ಲರ ತಲೆ ಉಳಿಯಿತು. ಬಾವಿಯಿದ್ದ ಹೊಲವೊಂದನ್ನು ಅರಸ ತಾನಾಗಿಯೇ ಉಂಬಳಿ ಕೊಟ್ಟ.

ದ್ಯಾವಣ್ಣ ತಂಗಿಯ ಜೊತೆ ಹೊರಟ. ಮನೆಯೊಳಗೆ ಬಂದು ಗೋಡೆಯೆದುರು ನಿಂತ.

"ಅವತ್ತೇ ಯಾಕೆ ಹೇಳಲಿಲ್ಲ?"

"ಬಳಿದು ಮುಗಿಸಿ 'ಹೆಂಗಿದೆ?' ಅಂತ ಕೇಳ್ದೆಯಲ್ಲಣ್ಣ. ಚೆನ್ನಾಗಿದೆ ಅಂದುಬಿಟ್ಟಿದ್ದೆ."

"ಎಲ್ಲಿತ್ತು, ತೋರಿಸು."

ಚಿಕ್ಕತಾಯಿ ಬಗ್ಗಿ ಬಿಳಿಯ ಗೋಡೆಯ ಮೇಲೆ ಅಂಗೈ ಇಟ್ಟಳು. ತುಸು ಆಚೆ ಸರಿಸಿದಳು. ಮತ್ತೆ ಈಚೆ ತಂದಳು. ಅಣ್ಣ ಕಾಯುತ್ತಲೇ ಇದ್ದ. ಅವಳ ಕೈ ಗೋಡೆಯ ಮೇಲೆ ಹುಡುಕುತ್ತಲೇ ಇತ್ತು.